ಆದಿ ಕ್ರೈಸ್ತರು ಎಸ್ಸೀನರಿಂದ ಬಂದವರೇ? ಯೆಹೂದಿ ಪಂಗಡಗಳ ನಂಟಿನ ಕುರಿತು

ಕುತೂಹಲಿ (ಪ್ರಶ್ನೆ):

ಕ್ರಿ.ಶ. ಒಂದನೆಯ ಶತಮಾನದ ಯೆಹೂದಿ ಪಂಗಡಗಳಿಗೂ ಆಗಷ್ಟೇ ರೂಪುಗೊಳ್ಳುತ್ತಿದ್ದ ಕ್ರೈಸ್ತ ಸಮುದಾಯಕ್ಕೂ ಇದ್ದಿರಬಹುದಾದ ನಂಟಿನ ಬಗ್ಗೆ ನನಗೊಂದು ಗೊಂದಲವಿದೆ. ಈ ವಿಷಯವನ್ನು ಆಳವಾಗಿ ಓದಿಕೊಂಡವರು ಬಿಡಿಸಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ಇತಿಹಾಸಕಾರ ಜೋಸೆಫಸ್ ತನ್ನ ಕಾಲದ ಯೆಹೂದ್ಯರಲ್ಲಿ ಫರಿಸಾಯರು, ಸದ್ದುಕಾಯರು, ಎಸ್ಸೀನರು ಎಂಬ ಮೂರು ಪಂಗಡಗಳಿದ್ದವೆಂದು ಹೇಳಿ, ಕ್ರಿ.ಶ. 6ರ ರೋಮನ್ ಖಾನೇಷುಮಾರಿಯನ್ನು ವಿರೋಧಿಸಿ ಗಲಿಲಾಯದ ಯೂದನು ಕಟ್ಟಿದ ನಾಲ್ಕನೆಯದೊಂದನ್ನೂ ಪ್ರಸ್ತಾಪಿಸುತ್ತಾನೆ. ಫರಿಸಾಯರು ಮತ್ತು ಸದ್ದುಕಾಯರು ಸುವಾರ್ತೆಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತಾರೆ. ಎಸ್ಸೀನರ ಹೆಸರು ಮಾತ್ರ ಹೊಸ ಒಡಂಬಡಿಕೆಯಲ್ಲಿ ಒಂದು ಸಲವೂ ಬರುವುದಿಲ್ಲ. ಎಸ್ಸೀನರ ಸಂಖ್ಯೆ ನಾಲ್ಕು ಸಾವಿರದಷ್ಟಿತ್ತೆಂದು ಜೋಸೆಫಸ್ ಮತ್ತು ಅಲೆಕ್ಸಾಂಡ್ರಿಯದ ಫೈಲೋ ಇಬ್ಬರೂ ಹೇಳುವಾಗ, ಅಷ್ಟು ಹೆಸರಾಗಿದ್ದ ಪಂಗಡದ ಬಗ್ಗೆ ಈ ಮೌನವೇಕೆ? ಯೇಸುವಿನ ಹಿಂಬಾಲಕರು ಮೂಲತಃ ಎಸ್ಸೀನರೇ ಆಗಿದ್ದರು, ತಮ್ಮವರನ್ನು ತಾವೇ ಹೊರಗಿನವರಂತೆ ಹೆಸರಿಸಬೇಕಾದ ಅಗತ್ಯ ಅವರಿಗಿರಲಿಲ್ಲ ಎಂಬ ವಾದವನ್ನು ಹಲವೆಡೆ ಓದಿದ್ದೇನೆ. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವಿದ್ವಾಂಸ ಎರ್ನೆಸ್ಟ್ ರೆನಾನ್ ಕ್ರೈಸ್ತ ಧರ್ಮವನ್ನು ಬಹುಮಟ್ಟಿಗೆ ಯಶಸ್ವಿಯಾದ ಎಸ್ಸೀನ ಧರ್ಮವೆಂದೇ ಕಂಡಿದ್ದನು. ಆಗಿನ್ನೂ ಪ್ರಾಚೀನ ಯೆಹೂದಿ ಹಸ್ತಪ್ರತಿಗಳಾದ ಮೃತ ಸಮುದ್ರದ ಸುರುಳಿಗಳು ಗುಹೆಗಳಲ್ಲೇ ಇದ್ದವು.

ಸುರುಳಿಗಳು ದೊರೆತ ಮೇಲೆ ಈ ವಾದಕ್ಕೆ ಬಲ ಬಂದಿತೆಂದು ಕೆಲವರು, ಅದು ಬಿದ್ದೇ ಹೋಯಿತೆಂದು ಇನ್ನು ಕೆಲವರು ಹೇಳುತ್ತಾರೆ. ಆಸ್ತಿಯನ್ನು ಒಟ್ಟುಗೂಡಿಸುವುದು, ಸಾಮೂಹಿಕ ಭೋಜನ, ನೀರಿನಲ್ಲಿ ಮುಳುಗಿ ಶುದ್ಧರಾಗುವುದು, ಬೆಳಕಿನ ಮಕ್ಕಳು ಮತ್ತು ಕತ್ತಲೆಯ ಮಕ್ಕಳು ಎಂಬ ವಿಭಾಗ ಇವೆಲ್ಲ ಎರಡೂ ಕಡೆ ಕಾಣುತ್ತವೆ. ಇವನ್ನು ವಂಶದ ಗುರುತುಗಳೆಂದು ತೆಗೆದುಕೊಳ್ಳಬಹುದೇ? ಸ್ನಾನಿಕನಾದ ಯೋಹಾನನು ಎಸ್ಸೀನನಾಗಿದ್ದನೇ? ಅಲ್ಲವಾದರೆ ಆದಿ ಕ್ರೈಸ್ತರಿಗೆ ಅತ್ಯಂತ ಹತ್ತಿರವಿದ್ದ ಪಂಗಡ ಯಾವುದು?

ಸುರುಳಿಪಾಠ:

ನಿಮ್ಮ ಮೊದಲ ಪ್ರಶ್ನೆಗಷ್ಟೇ ಉತ್ತರಿಸುತ್ತೇನೆ, ಏಕೆಂದರೆ ಅದೊಂದೇ ಸಾಕಷ್ಟು ದೊಡ್ಡದು. ಹೋಲಿಕೆಗಳು ನಿಜ, ಆದರೆ ಅವು ವಂಶವನ್ನು ಸಾಬೀತುಪಡಿಸುವುದಿಲ್ಲ ಎಂಬುದು ನನ್ನ ನಿಲುವು. ಹೋಲಿಕೆಯ ಪಟ್ಟಿಯನ್ನು ಮಾತ್ರ ನೋಡಿದಾಗ ಬರುವ ತೀರ್ಮಾನವೇ ಬೇರೆ, ಪಠ್ಯಗಳನ್ನು ಪಕ್ಕಪಕ್ಕ ಇಟ್ಟು ಓದಿದಾಗ ಬರುವುದೇ ಬೇರೆ.

ಮೊದಲು ಹಿನ್ನೆಲೆ. ಬದೂಯಿನ್ ಕುರುಬರ ಕೈಗೆ 1947ರ ಸುಮಾರಿಗೆ ಮೊದಲ ಸುರುಳಿಗಳು ಸಿಕ್ಕಿದವು. 1956ರ ಹೊತ್ತಿಗೆ ಕುಮ್ರಾನ್ ಎಂಬ ಪಾಳುನೆಲೆಯ ಸುತ್ತಲಿನ ಹನ್ನೊಂದು ಗುಹೆಗಳಿಂದ ಒಂಬೈನೂರಕ್ಕೂ ಹೆಚ್ಚು ಹಸ್ತಪ್ರತಿಗಳ ಅವಶೇಷಗಳು ಹೊರಬಂದವು. ಅವುಗಳಲ್ಲಿ ದೊಡ್ಡ ಪಾಲು ಬೈಬಲಿನ ಪುಸ್ತಕಗಳು ಮತ್ತು ಎಲ್ಲ ಯೆಹೂದ್ಯರಿಗೂ ಸಾಮಾನ್ಯವಾಗಿದ್ದ ಬರಹಗಳು. ಒಂದು ಪಾಲು ಮಾತ್ರ ನಿರ್ದಿಷ್ಟ ಸಮುದಾಯವೊಂದರ ನಿಯಮಗಳು ಮತ್ತು ವ್ಯಾಖ್ಯಾನಗಳು. ಆ ಸಮುದಾಯವನ್ನು ಎಸ್ಸೀನರೆಂದು ಹೆಚ್ಚಿನ ವಿದ್ವಾಂಸರು ಗುರುತಿಸುವುದಕ್ಕೆ ಒಳ್ಳೆಯ ಕಾರಣಗಳಿವೆ. ರೋಮನ್ ಲೇಖಕ ಪ್ಲಿನಿ ಎಸ್ಸೀನರನ್ನು ಮೃತ ಸಮುದ್ರದ ಪಶ್ಚಿಮ ದಡದಲ್ಲೇ ಇರಿಸುತ್ತಾನೆ. ಪಂಗಡಕ್ಕೆ ಸೇರಬಯಸುವವನನ್ನು ವರ್ಷಗಟ್ಟಲೆ ಪರೀಕ್ಷಿಸಿ ಹಂತಹಂತವಾಗಿ ಒಳಗೆ ಬಿಡುವ ಕ್ರಮ ಜೋಸೆಫಸನಲ್ಲೂ ಇದೆ, 'ಸಮುದಾಯದ ನಿಯಮ' ಎಂದು ಈಗ ಕರೆಯಲಾಗುವ ಸುರುಳಿಯಲ್ಲೂ ಇದೆ. ತೀರ ಸಣ್ಣ ಸಂಗತಿಗಳೂ ಹೊಂದುತ್ತವೆ: ಎಸ್ಸೀನರು ಗುಂಪಿನ ನಡುವೆ ಉಗುಳುವುದಿಲ್ಲವೆಂದು ಜೋಸೆಫಸ್ ಬರೆದಿದ್ದರೆ, ಸಭೆಯ ನಡುವೆ ಉಗುಳಿದವನಿಗೆ ಮೂವತ್ತು ದಿನಗಳ ಶಿಕ್ಷೆಯೆಂದು ಸುರುಳಿ ವಿಧಿಸುತ್ತದೆ. ಹಾಗಿದ್ದರೂ ಸುರುಳಿಗಳಲ್ಲಿರುವ ಕೆಲವು ಶುದ್ಧಾಚಾರದ ನಿಯಮಗಳು, ಯೆಹೂದಿ ಗುರುಗಳ ಧರ್ಮನಿಯಮಗಳ ಸಂಗ್ರಹವಾದ ಮಿಶ್ನಾ ಗ್ರಂಥವು ಸದ್ದುಕಾಯರದೆಂದು ಹೇಳುವ ಅಭಿಪ್ರಾಯಗಳೊಡನೆ ಹೊಂದುವುದರಿಂದ, ಗುರುತಿಸುವಿಕೆಯನ್ನು ಪ್ರಶ್ನಿಸುವ ಗಂಭೀರ ವಿದ್ವಾಂಸರೂ ಇದ್ದಾರೆ.

ಈಗ ಕಾಲಗಣನೆಗೆ ಬನ್ನಿ. ಈ ಸಮುದಾಯದ ಆದಿ ನಾಯಕನಾದ 'ನೀತಿಯ ಬೋಧಕ'ನೇ ಯೇಸು, ಅಥವಾ ಯೇಸುವಿನ ಸಹೋದರ ಯಾಕೋಬ, ಅಥವಾ ಸ್ನಾನಿಕನಾದ ಯೋಹಾನ ಎಂದು ವಾದಿಸಿದವರಿದ್ದಾರೆ. ಆದರೆ ಆ ಬೋಧಕನ ಕಥೆಯನ್ನು ಹೇಳುವ ಪ್ರವಾದಿ ಹಬಕ್ಕೂಕನ ಪುಸ್ತಕದ ವ್ಯಾಖ್ಯಾನದ ಸುರುಳಿಯು, ಲಿಪಿಯ ಲಕ್ಷಣದಿಂದಲೂ ರೇಡಿಯೊಕಾರ್ಬನ್ ಪರೀಕ್ಷೆಯಿಂದಲೂ, ಕ್ರಿ.ಪೂ. ಒಂದನೆಯ ಶತಮಾನದ್ದೆಂದು ಕಾಣುತ್ತದೆ. ಯಾಕೋಬನು ಸತ್ತದ್ದು ಕ್ರಿ.ಶ. 62ರಲ್ಲಿ. ಅವನ ಬಗ್ಗೆ ಬರೆದ ಗ್ರಂಥದ ಪ್ರತಿ ಅವನು ಹುಟ್ಟುವ ಮೊದಲೇ ಸಿದ್ಧವಾಗಿರಲು ಸಾಧ್ಯವಿಲ್ಲ. ಈ ಒಂದು ಅಂಶವೇ ಆ ವಾದಗಳನ್ನೆಲ್ಲ ತಡೆದು ನಿಲ್ಲಿಸುತ್ತದೆಂದು ನಾನು ಭಾವಿಸುತ್ತೇನೆ.

ಇನ್ನು ಆಸ್ತಿಯ ವಿಚಾರ. ಕುಮ್ರಾನಿನ ನಿಯಮದ ಪ್ರಕಾರ, ಹೊಸಬನು ಮೊದಲ ವರ್ಷವನ್ನು ಮುಗಿಸಿದ ಮೇಲೆ ತನ್ನ ಆಸ್ತಿಯನ್ನು ಮೇಲ್ವಿಚಾರಕನಿಗೆ ಒಪ್ಪಿಸಬೇಕು. ಮೇಲ್ವಿಚಾರಕನು ಅದನ್ನು ಅವನ ಹೆಸರಿನಲ್ಲೇ ಲೆಕ್ಕಕ್ಕೆ ಬರೆದಿಡಬೇಕೇ ಹೊರತು ಸಮುದಾಯಕ್ಕಾಗಿ ಖರ್ಚು ಮಾಡಬಾರದು. ಎರಡನೆಯ ವರ್ಷ ಮುಗಿದು ಅವನು ಪೂರ್ಣ ಸದಸ್ಯನಾದಾಗಲೇ ಆ ಹಣ ಎಲ್ಲರ ಹಣದೊಂದಿಗೆ ಬೆರೆಯುತ್ತದೆ. ಆಸ್ತಿಯ ವಿಷಯದಲ್ಲಿ ತಿಳಿದೂ ಸುಳ್ಳು ಹೇಳಿದವನನ್ನು ಒಂದು ವರ್ಷ ಶುದ್ಧ ಭೋಜನದಿಂದ ಹೊರಗಿಟ್ಟು, ಅವನ ಆಹಾರದಲ್ಲಿ ಕಾಲು ಭಾಗವನ್ನು ಕಡಿತಗೊಳಿಸಲಾಗುತ್ತದೆ. ಆದಿ ಸಭೆಯ ಕಥೆ ಹೇಳುವ ಹೊಸ ಒಡಂಬಡಿಕೆಯ 'ಅಪೊಸ್ತಲರ ಕೃತ್ಯಗಳು' ಪುಸ್ತಕದಲ್ಲಿ ಅನನೀಯ ಮತ್ತು ಸಪ್ಫೈರ ದಂಪತಿ ಹೊಲ ಮಾರಿದ ಹಣದಲ್ಲಿ ಒಂದು ಪಾಲನ್ನು ಬಚ್ಚಿಟ್ಟು ಸುಳ್ಳು ಹೇಳಿ ಪ್ರಾಣ ಕಳೆದುಕೊಳ್ಳುವ ಪ್ರಸಂಗವನ್ನು ಇದರ ಪಕ್ಕದಲ್ಲಿಟ್ಟಾಗ ಸಾಮ್ಯ ಕಣ್ಣಿಗೆ ಹೊಡೆಯುತ್ತದೆ, ನಿಜ. ಆದರೆ ಅದೇ ಪ್ರಸಂಗದಲ್ಲಿ ಪೇತ್ರನು, ಮಾರುವ ಮೊದಲು ಹೊಲ ನಿನ್ನದೇ ಆಗಿತ್ತಲ್ಲವೇ, ಮಾರಿದ ಮೇಲೂ ಹಣ ನಿನ್ನ ಕೈಯಲ್ಲೇ ಇತ್ತಲ್ಲವೇ ಎಂದು ಕೇಳುತ್ತಾನೆ. ಯೆರೂಸಲೇಮಿನ ವಿಶ್ವಾಸಿಗಳಲ್ಲಿ ಕೊಡುವುದು ಸ್ವಇಚ್ಛೆಯದಾಗಿತ್ತು. ಕುಮ್ರಾನಿನಲ್ಲಿ ಅದು ಸದಸ್ಯತ್ವದ ಕರಾರು. ಒಂದರಿಂದ ಇನ್ನೊಂದು ಬಂದಿರಬಹುದು, ಬಾರದೆಯೂ ಇರಬಹುದು.

ವ್ಯತ್ಯಾಸಗಳು ಇದಕ್ಕಿಂತ ಹೆಚ್ಚು ಮಾತಾಡುತ್ತವೆ. ಎಸ್ಸೀನ ಪರಂಪರೆಯದೇ ಆದ 'ದಮಸ್ಕದ ದಸ್ತಾವೇಜು' ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನಂದು ಪಶುವಿಗೆ ಹೆರಿಗೆಯಲ್ಲಿ ನೆರವಾಗಬಾರದು, ಅದು ಗುಂಡಿಗೆ ಬಿದ್ದರೆ ಮೇಲಕ್ಕೆತ್ತಬಾರದು ಎಂದು ಕಟ್ಟುನಿಟ್ಟಾಗಿ ಹೇಳುತ್ತದೆ. ಮತ್ತಾಯನ ಸುವಾರ್ತೆಯಲ್ಲಿ ಯೇಸು ತನ್ನ ವಿರೋಧಿಗಳನ್ನು, ನಿಮ್ಮಲ್ಲಿ ಯಾರ ಕುರಿಯಾದರೂ ಸಬ್ಬತ್ ದಿನ ಗುಂಡಿಗೆ ಬಿದ್ದರೆ ಎತ್ತದೆ ಇರುತ್ತೀರಾ ಎಂದು ಕೇಳುತ್ತಾನೆ. ಕೇಳುವ ಧಾಟಿಯಲ್ಲೇ ಗೊತ್ತಾಗುತ್ತದೆ, ಎದುರಿಗಿರುವವರು 'ಎತ್ತುತ್ತೇವೆ' ಎಂದು ಒಪ್ಪುವವರು. ಒಬ್ಬ ಎಸ್ಸೀನನ ಮುಂದೆ ಈ ವಾದ ನಿಲ್ಲುತ್ತಲೇ ಇರಲಿಲ್ಲ. ಹಾಗೆಯೇ ಕುಮ್ರಾನಿನ ಇನ್ನೊಂದು ನಿಯಮವು, ದೇವದೂತರು ಸಭೆಯ ನಡುವೆ ಇರುವುದರಿಂದ ಕುಂಟರೂ ಕುರುಡರೂ ಕಿವುಡರೂ ಅದರೊಳಗೆ ನಿಲ್ಲಕೂಡದೆಂದು ಹೇಳಿದರೆ, ಲೂಕನ ಸುವಾರ್ತೆಯ ಔತಣದ ಸಾಮ್ಯದಲ್ಲಿ ಬೀದಿಯಿಂದ ಕರೆತರಬೇಕಾದವರಲ್ಲಿ ಆ ಕುಂಟರೂ ಕುರುಡರೂ ಇದ್ದಾರೆ. ದಡದ ಆ ಸಮುದಾಯದಲ್ಲಿ ಬೆಳೆದವನು ಇಂಥ ಕಥೆಯನ್ನು ಹೇಳಿರಲಾರನು. ಹೇಳಿದ್ದರೆ ಆ ಸಮುದಾಯವನ್ನು ಬಿಟ್ಟೇ ಹೇಳಿರಬೇಕು.

ಹಾಗಾದರೆ ಸುರುಳಿಗಳ ಮಹತ್ವವೇನು? ನನ್ನ ದೃಷ್ಟಿಯಲ್ಲಿ ಅದು ಬಹಳ ದೊಡ್ಡದು. ಬೆಳಕು ಮತ್ತು ಕತ್ತಲೆಯ ದ್ವಂದ್ವದಂಥ ಮಾತುಗಳು (ಸ್ನಾನಿಕನಲ್ಲದ ಇನ್ನೊಬ್ಬ) ಯೋಹಾನನ ಸುವಾರ್ತೆಗೆ ಗ್ರೀಕ್ ಚಿಂತನೆಯಿಂದ ಬಂದವೆಂದು ಅನೇಕರು ಬಗೆದಿದ್ದ ಕಾಲವೊಂದಿತ್ತು. ಅವು ಯೂದಾಯದ ನೆಲದಲ್ಲಿ, ಹೀಬ್ರೂ ಭಾಷೆಯಲ್ಲಿ, ಯೇಸುವಿಗಿಂತ ಮೊದಲೇ ಇದ್ದವೆಂದು ಸುರುಳಿಗಳು ತೋರಿಸಿಕೊಟ್ಟವು. ಕ್ರೈಸ್ತ ಧರ್ಮದ ಯೆಹೂದಿ ಬೇರುಗಳು ಎಷ್ಟು ಆಳವಾಗಿವೆಯೆಂಬುದಕ್ಕೆ ಅವು ಸಾಕ್ಷಿ. ಆ ಬೇರುಗಳೆಲ್ಲ ಒಂದೇ ಪಂಗಡದವೆಂಬುದಕ್ಕೆ ಸಾಕ್ಷಿಯಲ್ಲ.

ಯೊರ್ದನ್ ತೀರ:

ಸುರುಳಿಪಾಠ ಅವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಯೋಹಾನನ ವಿಷಯದಲ್ಲಿ ಬಾಗಿಲನ್ನು ಅಷ್ಟು ಬೇಗ ಮುಚ್ಚಬಾರದು.

ಯೋಹಾನನು ಯೂದಾಯದ ಅಡವಿಯಲ್ಲಿ ಬೋಧಿಸಿದನು. ಅವನು ದೀಕ್ಷಾಸ್ನಾನ ಮಾಡಿಸಿದ ಯೊರ್ದನಿನ ಕೆಳದಂಡೆಗೂ ಕುಮ್ರಾನಿಗೂ ನಡೆದು ಹೋಗುವಷ್ಟೇ ದೂರ. ಅವನ ಕೆಲಸವನ್ನು ನಾಲ್ಕು ಸುವಾರ್ತೆಗಳೂ ವಿವರಿಸುವುದು ಯೆಶಾಯನ ನಲವತ್ತನೆಯ ಅಧ್ಯಾಯದ, ಅಡವಿಯಲ್ಲಿ ಕರ್ತನ ದಾರಿಯನ್ನು ಸಿದ್ಧಮಾಡಿರಿ ಎಂಬ ಮಾತಿನಿಂದ. ತಾವು ಅಡವಿಗೆ ಹೋಗಿ ಇರುವುದಕ್ಕೆ ಸಮುದಾಯದ ನಿಯಮವು ಕೊಡುವ ಆಧಾರವೂ ಅದೇ ವಾಕ್ಯ. ಆದರೆ ಅಲ್ಲಿ ದಾರಿ ಸಿದ್ಧಮಾಡುವುದೆಂದರೆ ಮೋಶೆಯ ಧರ್ಮಶಾಸ್ತ್ರವನ್ನು ಅಧ್ಯಯನ ಮಾಡುವುದು. ಯೋಹಾನನಿಗೆ ಅದು ಜನರನ್ನು ಕರೆದು ಎಚ್ಚರಿಸುವುದು. ಸ್ನಾನದ ಅರ್ಥದಲ್ಲಿಯೂ ಯೋಹಾನನೂ ಕುಮ್ರಾನಿನವರೂ ಹತ್ತಿರ ಬರುತ್ತಾರೆ. ಮನಸ್ಸನ್ನು ತಿರುಗಿಸದವನನ್ನು ಯಾವ ನೀರೂ ಶುದ್ಧಗೊಳಿಸದೆಂದು ಸುರುಳಿ ಹೇಳುತ್ತದೆ. ಯೋಹಾನನ ಸ್ನಾನವು ಪಾಪಪರಿಹಾರದ ಉಪಾಯವಾಗಿರಲಿಲ್ಲ, ಆತ್ಮವು ಮೊದಲೇ ನೀತಿಯಿಂದ ಶುದ್ಧವಾಗಿದ್ದು ದೇಹದ ಶುದ್ಧಿಗಾಗಿ ಸ್ನಾನವಿತ್ತು ಎಂದು ಜೋಸೆಫಸನೂ ಬರೆಯುತ್ತಾನೆ. ಎಸ್ಸೀನರು ಬೇರೆಯವರ ಎಳೆಯ ಮಕ್ಕಳನ್ನು ಸಾಕಿಕೊಂಡು ತಮ್ಮ ಕ್ರಮದಲ್ಲಿ ಬೆಳೆಸುತ್ತಿದ್ದರೆಂಬ ಅವನ ಮಾತನ್ನು, ಯೋಹಾನನು ಬಾಲ್ಯದಿಂದ ಅಡವಿಯಲ್ಲಿದ್ದನೆಂಬ ಲೂಕನ ಮಾತಿನ ಜೊತೆ ಸೇರಿಸಿ, ಅವನು ಅಲ್ಲೇ ಬೆಳೆದು ಬಳಿಕ ಹೊರಬಂದಿರಬಹುದೆಂದು ಊಹಿಸುವವರಿದ್ದಾರೆ. ಅದು ಊಹೆಯೇ, ಆದರೂ ಅಸಂಗತವಲ್ಲ.

ಇದಕ್ಕೆ ಎದುರಾಗಿ ನಿಲ್ಲುವುದು ಬಾನ್ನುಸ್ ಎಂಬ ಸಂನ್ಯಾಸಿಯ ಉದಾಹರಣೆ. ಜೋಸೆಫಸ್ ಹದಿಹರೆಯದಲ್ಲಿ ಮೂರು ಪಂಗಡಗಳನ್ನೂ ಪರಿಶೀಲಿಸಿದ ಮೇಲೆ ಅಡವಿಯಲ್ಲಿದ್ದ ಇವನ ಬಳಿ ಮೂರು ವರ್ಷ ಶಿಷ್ಯನಾಗಿದ್ದನಂತೆ. ಮರದಿಂದ ದೊರೆತದ್ದನ್ನೇ ಉಡುತ್ತ, ತಾನಾಗಿ ಬೆಳೆದದ್ದನ್ನೇ ತಿನ್ನುತ್ತ, ಶುದ್ಧಿಗಾಗಿ ಹಗಲೂ ರಾತ್ರಿಯೂ ತಣ್ಣೀರಿನಲ್ಲಿ ಸ್ನಾನ ಮಾಡುತ್ತಿದ್ದ ಈ ಬಾನ್ನುಸನನ್ನು ಜೋಸೆಫಸ್ ಎಸ್ಸೀನನೆಂದು ಕರೆಯುವುದಿಲ್ಲ. ಅಂದರೆ ಅಡವಿ, ಒರಟು ಉಡುಗೆ, ಸ್ನಾನ ಇವು ಯಾವುದೇ ಒಂದು ಪಂಗಡದ ಸೊತ್ತಾಗಿರಲಿಲ್ಲ. ಕುಮ್ರಾನಿನವರು ದಿನದಿನವೂ ತಾವೇ ನೀರಿಗಿಳಿದು ಶುದ್ಧರಾಗುತ್ತಿದ್ದರು, ಅದೂ ಸಮುದಾಯದ ಸದಸ್ಯರಾದವರು ಮಾತ್ರ. ಯೋಹಾನನಾದರೋ ಬಂದವರಿಗೆಲ್ಲ, ಸುಂಕದವರಿಗೂ ಸಹ, ತಾನೇ ದೀಕ್ಷಾಸ್ನಾನ ಮಾಡಿಸಿ ಅವರವರ ಮನೆಗೆ ಕಳುಹಿಸಿದನು.

ಒಂದು ತುಣುಕಿನ ಬಗ್ಗೆ ಮಾತ್ರ ಹೇಳದೆ ಇರಲಾರೆ. ಸೆರೆಯಲ್ಲಿದ್ದ ಯೋಹಾನನು, ಬರಬೇಕಾದವನು ನೀನೋ ಎಂದು ಕೇಳಿಸಿದಾಗ, ಯೇಸು ತನ್ನ ಕೆಲಸಗಳ ಪಟ್ಟಿಯನ್ನೇ ಉತ್ತರವಾಗಿ ಕೊಡುತ್ತಾನೆ: ಕುರುಡರಿಗೆ ಕಣ್ಣು ಬರುತ್ತದೆ, ಸತ್ತವರು ಏಳುತ್ತಾರೆ, ಬಡವರಿಗೆ ಸುವಾರ್ತೆ ಸಾರಲಾಗುತ್ತದೆ. ಇದರ ಬಹುಭಾಗ ಯೆಶಾಯನದು. ಆದರೆ ಬಡವರಿಗೆ ಸುವಾರ್ತೆ ಎಂಬ ಮಾತು ಬರುವ ಯೆಶಾಯನ 61ನೆಯ ಅಧ್ಯಾಯದಲ್ಲಿ ಸತ್ತವರನ್ನು ಎಬ್ಬಿಸುವ ಮಾತಿಲ್ಲ. ಕುಮ್ರಾನಿನ ನಾಲ್ಕನೆಯ ಗುಹೆಯ ಒಂದು ತುಣುಕಿನಲ್ಲಿ ಮೆಸ್ಸೀಯನ ಕಾಲವನ್ನು ವರ್ಣಿಸುವಾಗ, ಗಾಯಗೊಂಡವರನ್ನು ಗುಣಪಡಿಸುವುದು, ಸತ್ತವರನ್ನು ಬದುಕಿಸುವುದು, ಬಡವರಿಗೆ ಶುಭವಾರ್ತೆ ಸಾರುವುದು ಎಂಬ ಮೂರೂ ಒಂದೇ ಸಾಲಿನಲ್ಲಿ ಬರುತ್ತವೆ. ಆ ಪ್ರಶ್ನೆ ಬಂದದ್ದು ಯೋಹಾನನಿಂದ ಎಂಬುದನ್ನು ಗಮನಿಸಿ. ಕೇಳಿದವನಿಗೂ ಉತ್ತರಿಸಿದವನಿಗೂ ಪರಿಚಿತವಾಗಿದ್ದ ನಿರೀಕ್ಷೆಯೊಂದು ಆ ಸಾಲಿನಲ್ಲಿ ದಾಖಲಾಗಿದೆ ಎಂದು ನನಗೆ ಬಲವಾಗಿ ಅನಿಸುತ್ತದೆ.

ಗ್ರಂಥಸಂಗಿ:

ಕುತೂಹಲಿ ಅವರ ಮೂರನೆಯ ಪ್ರಶ್ನೆಗೆ ನನ್ನ ಉತ್ತರ ನೇರವಾದದ್ದು: ಆದಿ ಕ್ರೈಸ್ತರಿಗೆ ಹತ್ತಿರವಿದ್ದವರು ಫರಿಸಾಯರು. ಸುವಾರ್ತೆಗಳಲ್ಲಿ ಅವರು ಸದಾ ಎದುರಾಳಿಗಳಾಗಿ ಕಾಣಿಸುವುದರಿಂದ ಈ ಮಾತು ಓದುಗರಿಗೆ ವಿಚಿತ್ರವೆನಿಸಬಹುದು. ಆದರೆ ಒಂದೇ ಮೇಜಿನಲ್ಲಿ ಕುಳಿತು ಉಣ್ಣುವವರ ನಡುವೆಯೇ ಕೈ ತೊಳೆಯುವ ಕ್ರಮದ ಬಗ್ಗೆ ಜಗಳವಾಗುವುದು. ಯೇಸು ಫರಿಸಾಯರ ಮನೆಗಳಲ್ಲಿ ಊಟಕ್ಕೆ ಕುಳಿತದ್ದನ್ನು ಲೂಕನು ಮೂರು ಕಡೆ ಹೇಳುತ್ತಾನೆ. ಹೆರೋದನು ನಿನ್ನನ್ನು ಕೊಲ್ಲಬೇಕೆಂದಿದ್ದಾನೆ, ಇಲ್ಲಿಂದ ಹೊರಟುಹೋಗು ಎಂದು ಅವನನ್ನು ಎಚ್ಚರಿಸಿದವರೂ ಫರಿಸಾಯರೇ.

ನಂಬಿಕೆಯ ತಿರುಳಿನಲ್ಲಿ ನೋಡಿ. ಸತ್ತವರ ಪುನರುತ್ಥಾನವನ್ನು ಫರಿಸಾಯರು ನಂಬಿದರು, ಸದ್ದುಕಾಯರು ನಿರಾಕರಿಸಿದರು. ಈ ಪ್ರಶ್ನೆಯ ಮೇಲೆ ಸದ್ದುಕಾಯರು ಯೇಸುವನ್ನು ಕೆಣಕಲು ಬಂದಾಗ ಅವನು ನಿಂತದ್ದು ಫರಿಸಾಯರ ಪಕ್ಷದಲ್ಲಿ. ಅಪೊಸ್ತಲ ಪೌಲನು ಯೆಹೂದ್ಯರ ಹಿರೀಸಭೆಯ ಮುಂದೆ, ನಾನು ಫರಿಸಾಯನು, ಪುನರುತ್ಥಾನದ ನಿರೀಕ್ಷೆಯ ಕಾರಣ ನನ್ನ ವಿಚಾರಣೆಯಾಗುತ್ತಿದೆ ಎಂದು ಕೂಗಿದಾಗ ಸಭೆಯೇ ಎರಡಾಗಿ ಒಡೆಯುತ್ತದೆ. ಅಪೊಸ್ತಲರನ್ನು ಬಿಟ್ಟುಬಿಡುವಂತೆ ಸಲಹೆ ಕೊಟ್ಟ ಗಮಲಿಯೇಲನು ಫರಿಸಾಯನು. ಯೆರೂಸಲೇಮಿನ ಸಭೆಯಲ್ಲಿ ವಿಶ್ವಾಸಿಗಳಾದ ಫರಿಸಾಯರೇ ಇದ್ದರೆಂದೂ, ಅನ್ಯಜನರಿಗೆ ಸುನ್ನತಿಯಾಗಬೇಕೆಂದು ಅವರು ಒತ್ತಾಯಿಸಿದರೆಂದೂ ಅಪೊಸ್ತಲರ ಕೃತ್ಯಗಳ 15ನೆಯ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ. ಎಸ್ಸೀನ ವಿಶ್ವಾಸಿಗಳು ಎಂಬ ಮಾತು ಮಾತ್ರ ಎಲ್ಲಿಯೂ ಇಲ್ಲ.

ಹೊಸ ಒಡಂಬಡಿಕೆಯ ಹೊರಗಿನಿಂದ ಬರುವ ಒಂದು ಸಾಕ್ಷ್ಯಕ್ಕೆ ನಾನು ಹೆಚ್ಚಿನ ಬೆಲೆ ಕೊಡುತ್ತೇನೆ. ಕ್ರಿ.ಶ. 62ರಲ್ಲಿ ರೋಮನ್ ಅಧಿಪತಿ ಫೆಸ್ತನು ತೀರಿಕೊಂಡು, ಹೊಸ ಅಧಿಪತಿ ಅಲ್ಬೀನನು ಇನ್ನೂ ದಾರಿಯಲ್ಲಿದ್ದಾಗ, ಸದ್ದುಕಾಯನಾದ ಮಹಾಯಾಜಕ ಅನ್ನಾನಸನು ಆ ಎಡೆಯನ್ನು ಬಳಸಿಕೊಂಡು ನ್ಯಾಯಸಭೆಯನ್ನು ಕೂಡಿಸಿ, ಯೇಸುವಿನ ಸಹೋದರ ಯಾಕೋಬನನ್ನೂ ಬೇರೆ ಕೆಲವರನ್ನೂ ಕಲ್ಲೆಸೆದು ಕೊಲ್ಲಲು ಒಪ್ಪಿಸಿದನೆಂದು ಜೋಸೆಫಸ್ ಬರೆಯುತ್ತಾನೆ. ಪಟ್ಟಣದಲ್ಲಿ ನ್ಯಾಯಪರರೂ ಧರ್ಮಶಾಸ್ತ್ರದ ಪಾಲನೆಯಲ್ಲಿ ನಿಷ್ಠುರರೂ ಆಗಿದ್ದವರು ಇದರಿಂದ ನೊಂದು ಅಗ್ರಿಪ್ಪ ರಾಜನಿಗೆ ಗುಟ್ಟಾಗಿ ದೂರು ಕಳುಹಿಸಿದರು. ಕೆಲವರು ಅಲ್ಬೀನನನ್ನು ದಾರಿಯಲ್ಲೇ ಕಂಡು ಹೇಳಿದರು. ಪರಿಣಾಮವಾಗಿ ಅನ್ನಾನಸನು ಮೂರೇ ತಿಂಗಳಲ್ಲಿ ಪದವಿ ಕಳೆದುಕೊಂಡನು. ಧರ್ಮಶಾಸ್ತ್ರದ ನಿಷ್ಠುರ ಪಾಲನೆಯನ್ನು ಜೋಸೆಫಸ್ ಬೇರೆಡೆಯಲ್ಲಿ ಫರಿಸಾಯರ ಲಕ್ಷಣವೆಂದು ಹೇಳುವುದರಿಂದ, ಯಾಕೋಬನಿಗಾಗಿ ದನಿಯೆತ್ತಿದವರು ಫರಿಸಾಯರೇ ಇರಬೇಕೆಂದು ಬಹಳ ವಿದ್ವಾಂಸರ ಅಭಿಪ್ರಾಯ. ಯೇಸು ಸತ್ತು ಮೂರು ದಶಕಗಳಾದ ಮೇಲೂ ಅವನ ಹಿಂಬಾಲಕರ ನಾಯಕನನ್ನು ಯೆರೂಸಲೇಮಿನ ನಿಷ್ಠಾವಂತ ಯೆಹೂದ್ಯರು ತಮ್ಮವನೆಂದು ಕಂಡರು ಎಂಬುದನ್ನು ಇದರಿಂದ ತಿಳಿಯಬಹುದು.

ಇಷ್ಟಾದರೂ ಯೇಸುವನ್ನು ಫರಿಸಾಯನೆಂದು ಕರೆಯಲು ನಾನು ಒಪ್ಪುವುದಿಲ್ಲ. ವಿವಾಹ ವಿಚ್ಛೇದನದ ಪ್ರಶ್ನೆಯೊಂದನ್ನೇ ತೆಗೆದುಕೊಳ್ಳಿ. ಫರಿಸಾಯ ಪರಂಪರೆಯೊಳಗೆ ಶಮ್ಮಾಯಿಯ ಪಂಥದವರು ವ್ಯಭಿಚಾರದಂಥ ಕಾರಣಕ್ಕೆ ಮಾತ್ರ ಹೆಂಡತಿಯನ್ನು ಬಿಡಬಹುದೆಂದರೆ, ಹಿಲ್ಲೇಲನ ಪಂಥದವರು ಅಡುಗೆ ಕೆಡಿಸಿದರೂ ಬಿಡಬಹುದೆಂದರು ಎಂದು ಮಿಶ್ನಾ ದಾಖಲಿಸಿದೆ. ಮಾರ್ಕನ ಸುವಾರ್ತೆಯಲ್ಲಿ ಯೇಸು ಇಬ್ಬರ ದಾರಿಯನ್ನೂ ಬಿಟ್ಟು, ದೇವರು ಅವರನ್ನು ಗಂಡು ಹೆಣ್ಣಾಗಿ ಉಂಟುಮಾಡಿದನು ಎಂಬ ಆದಿಕಾಂಡದ ಮಾತಿಗೆ ಹಿಂದಿರುಗಿ ವಿಚ್ಛೇದನವನ್ನೇ ತಳ್ಳಿಹಾಕುತ್ತಾನೆ. ದಮಸ್ಕದ ದಸ್ತಾವೇಜು ಇಬ್ಬರು ಹೆಂಡಿರನ್ನು ಮಾಡಿಕೊಳ್ಳುವುದನ್ನು ಖಂಡಿಸುವಾಗ ಆಧಾರವಾಗಿ ಎತ್ತಿಕೊಳ್ಳುವುದೂ ಇದೇ ವಾಕ್ಯವನ್ನು. ಸಬ್ಬತ್ತಿನ ಗುಂಡಿಯ ವಿಷಯದಲ್ಲಿ ಆ ದಸ್ತಾವೇಜಿಗೆ ತದ್ವಿರುದ್ಧವಾಗಿ ನಿಂತವನು ಮದುವೆಯ ವಿಷಯದಲ್ಲಿ ಅದರ ಪಕ್ಕಕ್ಕೇ ಬಂದು ನಿಲ್ಲುತ್ತಾನೆ. ಯಾವುದಾದರೊಂದು ಪಂಗಡದ ಪಟ್ಟಿಯಲ್ಲಿ ಅವನ ಹೆಸರನ್ನು ಬರೆಯಲು ಹೊರಟವರು ಈ ಎರಡು ಪ್ರಸಂಗಗಳನ್ನು ಒಟ್ಟಿಗೆ ವಿವರಿಸಬೇಕಾಗುತ್ತದೆ.

ಜೋಸೆಫಸನ ನಾಲ್ಕನೆಯ ಗುಂಪಿನ ಬಗ್ಗೆ ಒಂದೇ ಮಾತು. ಶಿಷ್ಯರಲ್ಲಿ ಮತಾಭಿಮಾನಿಯೆನಿಸಿಕೊಂಡ ಸೀಮೋನನಿದ್ದನೆಂಬುದರ ಮೇಲೆ ದೊಡ್ಡ ಸಿದ್ಧಾಂತಗಳನ್ನು ಕಟ್ಟಿದ್ದಾರೆ. ಆದರೆ ಆ ಹೆಸರಿನ ಸಂಘಟಿತ ಪಕ್ಷ ಇತಿಹಾಸದಲ್ಲಿ ಕಾಣಿಸುವುದು ಕ್ರಿ.ಶ. 66ರಲ್ಲಿ ಆರಂಭವಾದ ಯುದ್ಧದ ಸಮಯದಲ್ಲಿ.

ಕುತೂಹಲಿ:

ಮೂವರಿಗೂ ಕೃತಜ್ಞತೆಗಳು. ಗುಂಡಿಗೆ ಬಿದ್ದ ಕುರಿಯ ಪ್ರಸಂಗವನ್ನು ಎಷ್ಟೋ ಸಲ ಓದಿದ್ದರೂ ಅದರ ಹಿಂದೆ ಇಂಥದೊಂದು ಜೀವಂತ ವಿವಾದವಿತ್ತೆಂಬುದು ಹೊಳೆದಿರಲಿಲ್ಲ.

ಇನ್ನೆರಡು ವಿಷಯಗಳನ್ನು ಕೇಳಬೇಕಿದೆ. ಯೆರೂಸಲೇಮಿನ ದೇವಾಲಯ ನಾಶವಾದ ಕ್ರಿ.ಶ. 70ರ ನಂತರ ಎಬಿಯೋನರು, ನಜರೇನರು ಎಂಬ ಯೆಹೂದಿ ಕ್ರೈಸ್ತ ಗುಂಪುಗಳ ಪ್ರಸ್ತಾಪ ಬರುತ್ತದೆ. ಅಳಿದುಳಿದ ಎಸ್ಸೀನರು ಇವರಲ್ಲಿ ಸೇರಿಕೊಂಡಿರಬಹುದೇ? ಹಾಗೆಯೇ, ಕುಮ್ರಾನಿನ ಗುಹೆಗಳಲ್ಲಿ ಮಾರ್ಕನ ಸುವಾರ್ತೆಯ ತುಣುಕು ಸಿಕ್ಕಿದೆಯೆಂಬ ಮಾತು ಎಷ್ಟರಮಟ್ಟಿಗೆ ನಿಜ?

ಗ್ರಂಥಸಂಗಿ:

ಎಬಿಯೋನರ ವಿಷಯದಲ್ಲಿ ನಮ್ಮ ಕಷ್ಟವೇನೆಂದರೆ, ಅವರನ್ನು ವಿವರಿಸಿದವರೆಲ್ಲ ಅವರ ವಿರೋಧಿಗಳು. ಸುಮಾರು ಕ್ರಿ.ಶ. 180ರಲ್ಲಿ ಬರೆದ ಬಿಷಪ್ ಐರೇನಿಯಸನ ಪ್ರಕಾರ ಅವರು ಮತ್ತಾಯನ ಸುವಾರ್ತೆಯೊಂದನ್ನೇ ಬಳಸುತ್ತಿದ್ದರು, ಪೌಲನನ್ನು ಧರ್ಮಶಾಸ್ತ್ರಕ್ಕೆ ದ್ರೋಹ ಬಗೆದವನೆಂದು ತಳ್ಳಿಹಾಕುತ್ತಿದ್ದರು, ಸುನ್ನತಿಯನ್ನು ಪಾಲಿಸುತ್ತಿದ್ದರು, ಯೆರೂಸಲೇಮನ್ನು ದೇವರ ಮನೆಯೆಂದು ಗೌರವಿಸುತ್ತಿದ್ದರು. ನಾಲ್ಕನೆಯ ಶತಮಾನದ ಬಿಷಪ್ ಎಪಿಫಾನಿಯಸ್ ಇದರ ಮೇಲೆ ಮಾಂಸವರ್ಜನೆ, ಪದೇ ಪದೇ ಸ್ನಾನ, ಬಲಿಗಳ ವಿರೋಧ ಮುಂತಾದುವನ್ನು ಸೇರಿಸುತ್ತಾನೆ. ಈ ಸ್ನಾನಗಳನ್ನು ಕಂಡು ಎಸ್ಸೀನರ ನೆನಪಾಗುವುದು ಸಹಜ, ಮತ್ತು ಎಸ್ಸೀನರು ಎಬಿಯೋನರೊಳಗೆ ಕರಗಿದರೆಂದು ಗಣ್ಯ ವಿದ್ವಾಂಸರೇ ಸೂಚಿಸಿದ್ದಾರೆ. ಆದರೆ ಕುಮ್ರಾನ್ ಕ್ರಿ.ಶ. 68ರಲ್ಲಿ ರೋಮನ್ನರ ಕೈಗೆ ಬಿದ್ದದ್ದಕ್ಕೂ ಎಪಿಫಾನಿಯಸನ ಬರವಣಿಗೆಗೂ ನಡುವೆ ಮುನ್ನೂರು ವರ್ಷಗಳ ಅಂತರವಿದೆ. ಕುಮ್ರಾನಿನ ಗುರುತಾಗಿದ್ದ 364 ದಿನಗಳ ಸೌರ ಪಂಚಾಂಗವಾಗಲಿ, ನೀತಿಯ ಬೋಧಕನ ನೆನಪಾಗಲಿ ಎಬಿಯೋನರ ವಿವರಣೆಗಳಲ್ಲಿ ಕಾಣುವುದಿಲ್ಲ. ಪಂಗಡವೊಂದು ತನ್ನ ಹಬ್ಬಗಳ ದಿನವನ್ನೂ ಗುರುವನ್ನೂ ಮರೆತು ಸ್ನಾನವನ್ನು ಮಾತ್ರ ಉಳಿಸಿಕೊಂಡಿತೆಂದು ನಂಬುವುದು ನನಗೆ ಕಷ್ಟ.

ನಜರೇನರ ಕಥೆ ಬೇರೆ. ಪೌಲನನ್ನು ಅಧಿಪತಿ ಫೆಲಿಕ್ಸನ ಮುಂದೆ ನಜರೇನರ ಪಂಗಡದ ಮುಂದಾಳೆಂದು ದೂರುವಲ್ಲಿ, ಈ ಹೆಸರು ಯೇಸುವಿನ ಹಿಂಬಾಲಕರೆಲ್ಲರಿಗೂ ಸಲ್ಲುತ್ತದೆ. ಯುದ್ಧಕ್ಕೆ ಮೊದಲು ಯೆರೂಸಲೇಮಿನ ವಿಶ್ವಾಸಿಗಳು ಯೊರ್ದನಿನ ಆಚೆಯ ಪೆಲ್ಲಾ ಪಟ್ಟಣಕ್ಕೆ ಹೋದರೆಂದು ನಾಲ್ಕನೆಯ ಶತಮಾನದ ಸಭಾ ಇತಿಹಾಸಕಾರ ಯೂಸೀಬಿಯಸ್ ಹೇಳುತ್ತಾನೆ. ಎಪಿಫಾನಿಯಸ್ ಮತ್ತು ಜೆರೋಮ್ ಕಂಡಂತೆ ಸಿರಿಯದಲ್ಲಿದ್ದ ನಜರೇನರು ಕ್ರಿಸ್ತನನ್ನು ದೇವರ ಮಗನೆಂದು ನಂಬುತ್ತಲೇ ಸಬ್ಬತ್ತನ್ನೂ ಸುನ್ನತಿಯನ್ನೂ ಬಿಡದೆ ಉಳಿಸಿಕೊಂಡಿದ್ದರು. ಅವರು ಯೆಹೂದ್ಯರೂ ಕ್ರೈಸ್ತರೂ ಆಗಲು ಬಯಸಿ ಎರಡೂ ಆಗದೆ ಉಳಿದಿದ್ದಾರೆಂದು ಜೆರೋಮ್ ಅಗಸ್ಟೀನನಿಗೆ ಬರೆದನು. ಈ ತೀರ್ಪನ್ನು ಓದುವಾಗಲೆಲ್ಲ ನನಗೆ ವ್ಯಥೆಯಾಗುತ್ತದೆ, ಏಕೆಂದರೆ ಯಾಕೋಬನ ಯೆರೂಸಲೇಮಿನಲ್ಲಿ ಅದು ವಿಶ್ವಾಸಿಯೊಬ್ಬನ ಸಾಮಾನ್ಯ ಸ್ಥಿತಿಯಾಗಿತ್ತು.

ಯೂಸೀಬಿಯಸನ ಬಗ್ಗೆ ಒಂದು ಎಚ್ಚರಿಕೆ. ಅಲೆಕ್ಸಾಂಡ್ರಿಯದ ಹೊರಗೆ ಮರೆಯೋಟಿಸ್ ಸರೋವರದ ಬಳಿ ಧ್ಯಾನ, ಉಪವಾಸ, ಕೀರ್ತನೆಗಳಲ್ಲಿ ಬದುಕುತ್ತಿದ್ದ ಥೆರಪ್ಯೂಟರೆಂಬ ಯೆಹೂದಿ ಸ್ತ್ರೀಪುರುಷರನ್ನು ಫೈಲೋ ವರ್ಣಿಸಿದ್ದಾನೆ. ಆ ವರ್ಣನೆಯನ್ನು ಓದಿದ ಯೂಸೀಬಿಯಸ್, ಇವರು ಮಾರ್ಕನಿಂದ ಮತಾಂತರಗೊಂಡ ಕ್ರೈಸ್ತರೇ ಎಂದು ತೀರ್ಮಾನಿಸಿಬಿಟ್ಟನು. ತನ್ನ ಕಾಲದ ಸಂನ್ಯಾಸಿಗಳ ಜೀವನಕ್ಕೂ ಇವರದಕ್ಕೂ ಇದ್ದ ಹೋಲಿಕೆಯೇ ಅವನಿಗೆ ಸಾಕಾಗಿತ್ತು. ಹೋಲಿಕೆಯಿಂದ ವಂಶವನ್ನು ಕಟ್ಟುವ ಅಭ್ಯಾಸ ಸುರುಳಿಗಳಿಗಿಂತ ಹದಿನಾರು ಶತಮಾನ ಹಳೆಯದು.

ಸುರುಳಿಪಾಠ:

ಮಾರ್ಕನ ತುಣುಕಿನ ಬಗ್ಗೆ. ಏಳನೆಯ ಗುಹೆಯಲ್ಲಿ ಸಿಕ್ಕವೆಲ್ಲ ಗ್ರೀಕ್ ಬರಹಗಳು. ಅವುಗಳಲ್ಲಿ ಐದನೆಯ ಸಂಖ್ಯೆಯ ತುಣುಕು ಮಾರ್ಕ 6:52-53 ಎಂದು 1972ರಲ್ಲಿ ಸ್ಪೇನಿನ ವಿದ್ವಾಂಸ ಹೊಸೆ ಓಕಾಲಹಾನ್ ಪ್ರಕಟಿಸಿದರು. ಹೆಬ್ಬೆರಳಿನಷ್ಟು ದೊಡ್ಡದಾದ ಆ ಪಪೈರಸ್ ಚೂರಿನಲ್ಲಿ ಪೂರ್ತಿಯಾಗಿ ಓದಬಹುದಾದ ಪದ 'ಮತ್ತು' ಎಂಬುದೊಂದೇ. ಉಳಿದದ್ದನ್ನು ಮಾರ್ಕನಿಗೆ ಹೊಂದಿಸಲು ಒಂದು ಅಕ್ಷರದ ಜಾಗದಲ್ಲಿ ಇನ್ನೊಂದನ್ನು ಊಹಿಸಿ, ಕೆಲವು ಪದಗಳನ್ನು ಬಿಟ್ಟು ಓದಬೇಕಾಗುತ್ತದೆ. ಹೆಚ್ಚಿನ ವಿದ್ವಾಂಸರು ಇದನ್ನು ಒಪ್ಪಿಲ್ಲ, ನಾನೂ ಒಪ್ಪುವುದಿಲ್ಲ.

ಆದರೆ ಅದೇ ಗುಹೆಯ ಬೇರೆ ಕೆಲವು ಚೂರುಗಳು ಹನೋಕನ ಪುಸ್ತಕದವೆಂಬ ಸಲಹೆಯನ್ನು ಅನೇಕರು ಗಂಭೀರವಾಗಿ ಪರಿಗಣಿಸುತ್ತಾರೆ, ಮತ್ತು ನಿಜವಾದ ನಂಟನ್ನು ಹುಡುಕುವವರು ನೋಡಬೇಕಾದದ್ದು ಈ ಪುಸ್ತಕವನ್ನು ಎಂಬುದು ನನ್ನ ಅಭಿಪ್ರಾಯ. ನಾಲ್ಕನೆಯ ಗುಹೆಯಲ್ಲಿ ಇದರ ಅರಮೇಯ ಪ್ರತಿಗಳು ಹಲವು ಸಿಕ್ಕಿವೆ. ಅವುಗಳಲ್ಲಿ ಕೆಲವು ಕ್ರಿ.ಪೂ. ಎರಡನೆಯ ಶತಮಾನದವು. ಹೊಸ ಒಡಂಬಡಿಕೆಯ ಯೂದನ ಪತ್ರಿಕೆಯು, ಆದಾಮನಿಂದ ಏಳನೆಯವನಾದ ಹನೋಕನು ಪ್ರವಾದಿಸಿದನೆಂದು ಹೇಳಿ ಇದೇ ಪುಸ್ತಕದ ಮೊದಲ ಅಧ್ಯಾಯದ ವಾಕ್ಯವೊಂದನ್ನು ಉದ್ಧರಿಸುತ್ತದೆ, ಮತ್ತು ಆ ವಾಕ್ಯದ ಅರಮೇಯ ಅವಶೇಷ ಕುಮ್ರಾನಿನ ಒಂದು ಪ್ರತಿಯಲ್ಲಿ ಉಳಿದಿದೆ. ಎರಡು ಸಮುದಾಯಗಳೂ ಒಂದೇ ಗ್ರಂಥವನ್ನು ಪ್ರವಾದನೆಯೆಂದು ಗೌರವಿಸಿದವು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇಕಿಲ್ಲ. ಇನ್ನೊಂದು ಸಂಗತಿಯನ್ನೂ ಇದರ ಜೊತೆಗಿಡಬೇಕು. ಹನೋಕನ ಪುಸ್ತಕದಲ್ಲಿ ಸುವಾರ್ತೆಗಳಿಗೆ ಅತ್ಯಂತ ಸಮೀಪವಾದ ಭಾಗ, ನ್ಯಾಯತೀರ್ಪಿಗಾಗಿ ಮಹಿಮೆಯ ಸಿಂಹಾಸನದಲ್ಲಿ ಕೂರುವ ಮನುಷ್ಯಕುಮಾರನನ್ನು ವರ್ಣಿಸುವ 37ರಿಂದ 71ರವರೆಗಿನ ಅಧ್ಯಾಯಗಳು. ಇಥಿಯೋಪಿಯದ ಕ್ರೈಸ್ತರು ಗೀಜ್ ಭಾಷೆಯಲ್ಲಿ ಪುಸ್ತಕವನ್ನು ಪೂರ್ತಿಯಾಗಿ ಕಾಪಾಡಿಕೊಂಡು ಬಂದದ್ದರಿಂದ ಆ ಅಧ್ಯಾಯಗಳು ನಮಗೆ ದೊರೆತಿವೆ. ಕುಮ್ರಾನಿನ ಹನ್ನೊಂದು ಗುಹೆಗಳಲ್ಲಿ ಅವುಗಳ ಒಂದು ತುಣುಕೂ ಸಿಕ್ಕಿಲ್ಲ.